ಹದಿನೇಳನೇ ನಂಬರಿನ ಪುಡಿ

ಹಳದಿ — ಅಲ್ಲ, ರಬ್ಬರ್ ಬ್ಯಾಂಡು, ಹಳೇ ರಬ್ಬರ್ ಬ್ಯಾಂಡಿನ ತುಂಡು, ಬೆರಳು ತಾಗಿದರೆ ಪುಡಿಯಾಗಿ ಕಾಗದಕ್ಕೆ ಮೆತ್ತಿಕೊಳ್ಳುವಂಥದ್ದು, ಬೆಳಗಿನಿಂದ ಇದರಿಂದಲೇ ಎಷ್ಟು ಸಲ ಮೋಸಹೋದಳು, ಕಟ್ಟಿನ ಅಂಚಿನಲ್ಲಿ ಚೂರು ಹಳದಿ ಕಂಡರೆ ಸಾಕು ಕಟ್ಟನ್ನೇ ಬಿಚ್ಚುತ್ತಾಳೆ, ಕನ್ನಡಕ ಮೇಲೆತ್ತಿ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರೆ ರಬ್ಬರು, ಇಲ್ಲವೇ ಗೋಂದು, ಇಲ್ಲವೇ ಯಾವ ಕಾಲದಲ್ಲೋ ಯಾರೋ ಚೆಲ್ಲಿದ ಚಹಾ. ಗೋಡೆಯ ಗಡಿಯಾರದಲ್ಲಿ ಎರಡೂಮುಕ್ಕಾಲು, ಐದಕ್ಕೆ ಇನ್ನೂ ಎರಡೂಕಾಲು ಗಂಟೆ, ಆಸ್ಪತ್ರೆಗೆ ಹೋಗುವ ಮುಕ್ಕಾಲು ಗಂಟೆ ಕಳೆದರೆ ಒಂದೂವರೆ, ಒಂದೂವರೆ ಗಂಟೆಗೆ ಹನ್ನೊಂದು ಪೆಟ್ಟಿಗೆ, ಆಗುತ್ತದೆ, ಯಾಕಾಗುವುದಿಲ್ಲ, ಈ ಔಷಧ ಕಂಪನಿಯ ನೂರು ವರ್ಷದ ಕಾಗದವನ್ನೆಲ್ಲ ಇಪ್ಪತ್ತೆರಡು ವರ್ಷದಿಂದ ಜೋಡಿಸಿಟ್ಟವಳು ಅವಳೇ ತಾನೆ, ಯಾವ ಕಪಾಟಿನ ಯಾವ ಅಂತಸ್ತಿನಲ್ಲಿ ಯಾವ ವರ್ಷ ಅಂತ ಕಣ್ಣುಮುಚ್ಚಿ ಹೇಳುವವಳು, ಡಾಕ್ಟರಮ್ಮನಿಗೂ ಅದನ್ನೇ ಅಲ್ಲವೆ ಹೇಳಿದ್ದು, ಬೆಳಿಗ್ಗೆ, ವಾರ್ಡಿನ ಹೊರಗೆ, ಸ್ವಲ್ಪ ಜಂಬದಿಂದಲೇ — ನಮ್ಮಲ್ಲಿ ಎಲ್ಲಾ ದಾಖಲೆ ಇದೆ ಡಾಕ್ಟ್ರೇ, ಒಂದು ಹಾಳೆ ಆಚೀಚೆ ಆಗಿಲ್ಲ. ಹಾಗಾದ್ರೆ ಇನ್ನೇನಮ್ಮ, ತಂದ್ಕೊಡಿ. ಅಷ್ಟು ಸುಲಭವಾಗಿ ಅಂದುಬಿಟ್ಟರು ಆಕೆ, ಅಂಗಡಿಯಿಂದ ಹಾಲಿನ ಪ್ಯಾಕೆಟ್ ತಂದುಕೊಡಿ ಅನ್ನುವ ಹಾಗೆ. ನಿಮ್ಮ ತಾಯಿಯ ಎಲುಬಿನೊಳಗೆ ರಕ್ತ ಹುಟ್ಟೋದು ಕಮ್ಮಿಯಾಗ್ತಾ ಇದೆ, ಹಳೇ ಕೆಲಸದ್ದೇ ಪ್ರಭಾವ ಅಂತ ನನಗೆ ಅನುಮಾನ, ಮದ್ದು ಎರಡಿದೆ, ಒಳಗೆ ಕೂತಿರೋದು ಲೋಹದ ಜಾತಿಯದ್ದಾದ್ರೆ ಒಂದು, ಅಲ್ಲದಿದ್ರೆ ಇನ್ನೊಂದು, ತಪ್ಪಿ ಕೊಟ್ರೆ ಈ ವಯಸ್ಸಲ್ಲಿ ಮೂತ್ರಪಿಂಡ ತಡ್ಕೊಳ್ಳಲ್ಲ, ಅವರು ತೂಗ್ತಿದ್ದ ಆ ಪುಡಿ ಹೆಸರೇನು? ಅವಳು ಒಳಗೆ ಹೋಗಿ ಅಮ್ಮನ ಕಿವಿಯ ಹತ್ತಿರ ಬಗ್ಗಿ ಕೇಳಿದಳು, ಅಮ್ಮಾ, ಹಳದಿ ಪುಡಿ ತೂಗ್ತಿದ್ಯಲ್ಲ, ಅದರ ಹೆಸರೇನು? ಅಮ್ಮ ಕಣ್ಣು ತೆರೆಯದೆ ಹದಿನೇಳು ಅಂದಳು. ನಂಬರಲ್ಲಮ್ಮ, ಹೆಸರು. ಹದಿನೇಳು ಕಣೇ, ಹೆಸರು ಕಟ್ಕೊಂಡು ನಮಗೇನಾಗ್ಬೇಕಿತ್ತು, ಅದು ಹದಿನೇಳು, ನಾನು ನಲವತ್ತೊಂದು, ಅಲ್ಲಿ ನನಗಿಂತ ಅದೇ ಸೀನಿಯರು. ಅಂದು ನಕ್ಕಳು, ನಗುವಾಗ ಒಸಡಿನಿಂದ ರಕ್ತ ಬಂತು, ತಮ್ಮ ಹತ್ತಿ ಹಿಡಿದು ಒರೆಸಿದ, ಒರೆಸುತ್ತ ಅವಳ ಕಡೆ ನೋಡಿದ, ಆ ನೋಟ — ಬೇಡ, ಈಗ ಅದು ಬೇಡ, ಮುಂದಿನ ಪೆಟ್ಟಿಗೆ.

ಪೆಟ್ಟಿಗೆಯ ಮುಚ್ಚಳಕ್ಕೆ ಅವಳೇ ಅಂಟಿಸಿದ ಚೀಟಿ, ತೂಕದ ಕೋಣೆ, ಜನವರಿಯಿಂದ ಮಾರ್ಚ್, ದಾರ ಬಿಚ್ಚುವಾಗ ಉಗುರು ಮುರಿಯಿತು, ಮುರಿಯಲಿ. ಹೆಸರಿಲ್ಲ, ಯಾವುದಕ್ಕೂ ಹೆಸರಿಲ್ಲ ಈ ಹಾಳೆಗಳಲ್ಲಿ, ಪುಡಿ ನಾಲ್ಕು ಪುಡಿ ಒಂಬತ್ತು ಪುಡಿ ಹದಿನೇಳು, ಅದು ಹಿರಿಯ ಯಜಮಾನರ ಉಪಾಯ, ಬೇರೆ ಕಂಪನಿಯವರು ಕೆಲಸದವರ ಬಾಯಿ ಬಿಡಿಸಿ ಗುಟ್ಟು ಕದಿಯುತ್ತಾರೆ ಅಂತ ಪ್ರತಿಯೊಂದು ಪುಡಿಗೂ ನಂಬರು ಕೊಟ್ಟರು, ಹದಿನೇಳು ಸೇರುತ್ತಿದ್ದ ಮಾತ್ರೆಯನ್ನು ಮಾಡಿಸಿಕೊಂಡ ಹೊರಗಿನ ಕಂಪನಿ ಮುಚ್ಚಿ ಎಷ್ಟೋ ವರ್ಷವಾಯಿತು, ಡಬ್ಬಿಯ ಮೇಲೂ ನಂಬರೇ ಇತ್ತು, ಮಾದರಿ ಸೀಸೆಗಳನ್ನು ಐದು ವರ್ಷವಾದ ಮೇಲೆ ಒಡೆದುಹಾಕುವುದು ರೂಢಿ, ಇದನ್ನೆಲ್ಲ ಅವಳೇ ಬರೆದಿದ್ದಾಳಲ್ಲ ಕಂಪನಿಯ ಶತಮಾನದ ಪುಸ್ತಕದಲ್ಲಿ, ಎರಡನೆಯ ಅಧ್ಯಾಯ, ಗುಟ್ಟು ಕಾಪಾಡಿದ ಜಾಣ್ಮೆ, ಆ ಶೀರ್ಷಿಕೆ ಇಟ್ಟಾಗ ಎಷ್ಟು ಖುಷಿಯಾಗಿತ್ತು. ನಂಬರಿಗೂ ಹೆಸರಿಗೂ ಜೋಡಿ ಹೇಳುವ ಪುಸ್ತಕ ಎಲ್ಲಾದರೂ ಇರಲೇಬೇಕು ಅಂತ ಹತ್ತು ಗಂಟೆಗೆ ಇಸ್ತ್ರಿಯವರಿಗೆ ಫೋನ್ ಮಾಡಿದಳು, ಇಸ್ತ್ರಿ ಅಂದರೆ ಆಗಿನ ಸೂಪರ್‌ವೈಸರ್, ಪ್ಯಾಂಟಿನ ಮಡಿಕೆಯಲ್ಲಿ ಹಣ್ಣು ಹೆಚ್ಚಬಹುದು ಅಂತ ಹೆಂಗಸರೆಲ್ಲ ಆಡಿಕೊಂಡು ಇಟ್ಟ ಹೆಸರು, ಈಗ ಎಂಬತ್ತಾಗಿದೆ, ದನಿಯಲ್ಲಿ ಇನ್ನೂ ಗಂಜಿ ಹಾಕಿದ ಹಾಗೆ ಸೆಟೆದ ಮಾತು. ಜೋಡಿ ಪುಸ್ತಕಾನಾ? ಅಂಥದ್ದೊಂದು ಇರಲೇ ಇಲ್ವಲ್ಲಮ್ಮ, ಅದೆಲ್ಲ ಯಜಮಾನ್ರ ತಲೇಲಿತ್ತು, ಪುಡಿ ಬಂದ ತಕ್ಷಣ ಅವರೇ ಚೀಟಿ ಕಿತ್ತು ನಂಬರು ಅಂಟಿಸೋರು, ತಲೆ ಅವರ ಜೊತೆಗೇ ಹೋಯ್ತು. ನಿಮಗೇನೂ ನೆನಪಿಲ್ವಾ ಸಾರ್, ಹಳದಿ, ಹದಿನೇಳು? ಹಳದಿ ಅನ್ನೋದು ನೆನಪಿದೆಯಮ್ಮ, ಆ ಹಳದಿ ಬಟ್ಟೆಗೆ ಬಿದ್ರೆ ಹೋಗ್ತಾನೇ ಇರ್ಲಿಲ್ಲ. ಫೋನ್ ಇಟ್ಟ ಮೇಲೆ ಡಾಕ್ಟರಮ್ಮನಿಗೆ ಮಾಡಿದಳು, ಹೆಸರು ಸಿಗ್ತಾ ಇಲ್ಲ ಡಾಕ್ಟ್ರೇ. ಹೆಸರಿಲ್ಲದ್ದನ್ನ ಲ್ಯಾಬಲ್ಲಿ ಹುಡುಕೋಕೆ ಆಗಲ್ಲ ಕಣಮ್ಮ, ಎಲುಬಲ್ಲಿ ಕೂತಿದ್ದು ಇಷ್ಟು ವರ್ಷದ ಮೇಲೆ ರಕ್ತದಲ್ಲಿ ಕಾಣಲ್ಲ, ಏನಂತ ಹುಡುಕೋದು? ಆ ಪುಡೀನೇ ಚೂರು ಸಿಕ್ರೆ ಸಾಕು, ಚಿಟಿಕೆ, ಬೇಡ, ಕಲೆ ಇದ್ರೂ ಸಾಕು, ನಮ್ಮೋರು ಲೋಹ ಹೌದೋ ಅಲ್ವೋ ಒಂದು ಗಂಟೇಲಿ ಹೇಳಿಬಿಡ್ತಾರೆ, ಐದರವರೆಗೆ ಕಾಯ್ತೀನಿ, ಆಮೇಲೆ ಊಹೆ ಮೇಲೇ ಶುರು ಮಾಡ್ಬೇಕಾಗುತ್ತೆ. ಕಲೆ. ಕಲೆ ಇದ್ದರೂ ಸಾಕು. ಆ ಒಂದು ಮಾತಿಗೆ ಅವಳಿಗೆ ಹೋದ ಜೀವ ಬಂದ ಹಾಗಾಯಿತು, ಯಾಕೆಂದರೆ ಕಲೆ ಎಲ್ಲಿದೆ ಅಂತ ಅವಳಿಗೆ ಗೊತ್ತಿತ್ತು, ಹಾಳೆಯ ಕೆಳಗೆ, ಬಲಗಡೆ, ಅಮ್ಮನ ಹೆಬ್ಬೆಟ್ಟು.

ಹಳದಿ ಹೆಬ್ಬೆಟ್ಟು, ನಡುವೆ ಓರೆಯಾಗಿ ಒಂದು ಬಿಳಿ ಗೆರೆ, ಯಾವಾಗಲೋ ಡಬ್ಬದ ಮುಚ್ಚಳ ಕುಯ್ದ ಗಾಯದ ಗುರುತು, ಗಾಯ ವಾಸಿಯಾದ ಮೇಲೂ ಬೆರಳಿನ ಗೆರೆಗಳು ಅಲ್ಲಿ ಕೂಡಲೇ ಇಲ್ಲ, ಹೊಲಿಗೆ ಬಿಟ್ಟ ಬಟ್ಟೆಯ ಹಾಗೆ. ತೂಕದ ಕೋಣೆಯಲ್ಲಿ ಪೆನ್ನು ತರುವ ಹಾಗಿರಲಿಲ್ಲ, ಹಿಂದೊಮ್ಮೆ ಯಾರದೋ ಪೆನ್ನಿನ ಮುಚ್ಚಳ ಕಲಸುವ ಪೀಪಾಯಿಗೆ ಬಿದ್ದು, ಅರೆದು, ಮಾತ್ರೆಗಳಲ್ಲೆಲ್ಲ ನೀಲಿ ಚುಕ್ಕೆ ಬಂದು ಪೂರ್ತಿ ಸರಕು ಹೂಳಬೇಕಾಯಿತಂತೆ, ಅವತ್ತಿನಿಂದ ತೂಗುವವರಿಗೆ ಪೆನ್ನು ಬಂದ್, ಒಳಗಿನವಳು ತೂಕ ಕೂಗುವುದು, ಕಿಂಡಿಯಾಚೆಯ ಗುಮಾಸ್ತ ಬರೆದುಕೊಳ್ಳುವುದು, ಬರೆದ ಹಾಳೆ ಕಿಂಡಿಯಿಂದ ಒಳಗೆ ಬಂದರೆ ತೂಗಿದವಳು ಹೆಬ್ಬೆಟ್ಟು ಒತ್ತುವುದು, ಶಾಯಿಯ ಡಬ್ಬಿ ಇತ್ತು, ಒಣಗಿಹೋಗಿತ್ತು, ಯಾರಿಗೂ ಅದು ಬೇಕಾಗಲಿಲ್ಲ, ಬೆವರಿದ ಬೆರಳಿಗೆ ಪುಡಿಯೇ ಸಾಕಾಗುತ್ತಿತ್ತು. ಮನೆಗೆ ಬಂದು ಅಮ್ಮ ಒಲೆಯ ಮುಂದೆ ಕೂತು ಕೂಗಾಡುತ್ತಿದ್ದಳು, ಏಳನೇ ಕ್ಲಾಸು ಪಾಸು ಮಾಡಿದೋಳು ನಾನು, ಲೆಕ್ಕದಲ್ಲಿ ಮೊದಲನೇ ನಂಬರು, ನನ್ನ ಕೈಲಿ ಹೆಬ್ಬೆಟ್ಟು ಒತ್ತಿಸ್ತಾರೆ, ನಿಮ್ಮಪ್ಪ ನೋಡಿದ್ರೆ ಹೆಬ್ಬೆಟ್ಟಿನ ಗಂಡ ಅಂತ ಮುಖ ಮುಚ್ಕೊಳ್ಳೋರು. ಅಪ್ಪ ಆಗಲೇ ಇರಲಿಲ್ಲ. ಆಮೇಲೆ ಕೈ ತೊಳೆಯುತ್ತಿದ್ದಳು, ಕಲ್ಲಿಗೆ ಉಜ್ಜಿ ಉಜ್ಜಿ, ಬಚ್ಚಲಿನಲ್ಲಿ ಹಳದಿ ನೀರು ಹರಿದು ಹೋಗುವುದನ್ನು ಅವಳೂ ತಮ್ಮನೂ ನೋಡುತ್ತಿದ್ದರು, ಚೆಂದವಿತ್ತು, ತಮ್ಮ ಅದರಲ್ಲಿ ಕಾಗದದ ದೋಣಿ ಬಿಡುತ್ತಿದ್ದ, ಆ ದೋಣಿಯಾದರೂ ಇದ್ದಿದ್ದರೆ, ಆ ದಿಂಬಿನ ಚೀಲ, ಅಮ್ಮ ತಲೆಯಿಟ್ಟ ಕಡೆ ಹಳದಿ ಹತ್ತಿದ ದಿಂಬಿನ ಚೀಲ, ಅದು ನೆಲ ಒರೆಸುವ ಬಟ್ಟೆಯಾಯಿತು, ಬಟ್ಟೆ ಚಿಂದಿಯಾಯಿತು, ಚಿಂದಿ ಎಲ್ಲಿ ಹೋಯಿತು, ಯಾವ ಮನೆಯಲ್ಲಿ ಮೂವತ್ತು ವರ್ಷದ ಚಿಂದಿ ಇಟ್ಟುಕೊಳ್ಳುತ್ತಾರೆ, ಕಾಗದವಾದರೆ ಇಡುತ್ತಾರೆ, ಕಾಗದ ಇಡುವುದೇ ಅವಳ ಕೆಲಸ.

ಕಟ್ಟು ಬಿಚ್ಚಿದಳು. ಮೊದಲ ಹಾಳೆ, ಎರಡನೆಯ ಹಾಳೆ, ಮೂರನೆಯದು, ಎಷ್ಟು ಸ್ವಚ್ಛ, ಎಷ್ಟು ದುಂಡು ಅಕ್ಷರ, ಮುತ್ತು ಪೋಣಿಸಿದ ಹಾಗೆ, ತನ್ನದೇ ಅಕ್ಷರ, ಹತ್ತೊಂಬತ್ತು ವರ್ಷದವಳಾಗಿದ್ದಾಗಿನದು, ಒಂದು ಕ್ಷಣ, ಒಂದೇ ಒಂದು ಕ್ಷಣ ಅವಳಿಗೆ ಹೆಮ್ಮೆಯಾಯಿತು. ಇದು ಅವಳಿಗೆ ಗೊತ್ತಿರಲಿಲ್ಲವೆ, ಗೊತ್ತಿತ್ತು, ಬೆಳಿಗ್ಗೆ ಹತ್ತರಿಂದಲೂ ಗೊತ್ತಿತ್ತು, ಇಸ್ತ್ರಿಯವರು ಫೋನಿನಲ್ಲಿ ಹೇಳಿಯೂ ಇದ್ದರು, ಮೂಲ ಹಾಳೇನಾ? ನೀವೇ ಅಲ್ವೇನಮ್ಮ ನಕಲು ಮಾಡಿದ್ದು, ಎಷ್ಟು ನೀಟಾಗಿ ಮಾಡಿದ್ರಿ, ಆ ಮಾತು ಕಿವಿಯ ಹತ್ತಿರ ಬಂದು ನಿಂತಿತ್ತು, ಒಳಗೆ ಬಿಟ್ಟುಕೊಳ್ಳಲಿಲ್ಲ ಅವಳು, ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಬಿಚ್ಚುತ್ತ ಹೋದಳು, ಯಾವುದಾದರೂ ಒಂದು ತಪ್ಪಿಸಿಕೊಂಡಿರುತ್ತದೆ ಅಂತ, ಅಷ್ಟು ಹಾಳೆಯಲ್ಲಿ ಒಂದಾದರೂ, ಆದರೆ ತಪ್ಪಿಸಿಕೊಳ್ಳಲು ಬಿಡುವವಳಾಗಿರಲಿಲ್ಲವಲ್ಲ ಆ ಹುಡುಗಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎಣಿಸಿದವಳು, ಸಾವಿರದ ನಾನೂರ ಆರು. ಸರ್ಕಾರದ ತನಿಖೆಯವರು ಬರ್ತಾರೆ ಅಂತ ಸುದ್ದಿ ಬಂದಿತ್ತು, ಇಸ್ತ್ರಿ ತೂಕದ ಹಾಳೆಗಳ ಕಟ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಸತ್ತ ಇಲಿಯನ್ನು ಹಿಡಿದ ಹಾಗೆ, ಛೆ ಛೆ, ಇದನ್ನ ಅವರಿಗೆ ತೋರಿಸೋಕಾಗುತ್ತಾ, ಔಷಧಿ ಕಂಪನಿ ಅಂತಾರಾ ಅರಿಶಿನದ ಮಿಲ್ಲು ಅಂತಾರಾ. ಅಮ್ಮ ಆಗಲೇ ಕಿಂಡಿಯಿಂದ ಮುಖ ತೂರಿಸಿದಳಂತೆ, ಸಾರ್, ನಮ್ಮ ಹುಡುಗಿ ಇದಾಳೆ, ಅಕ್ಷರ ನೋಡಿದ್ರೆ ಅಚ್ಚು ಹಾಕ್ಸಿದ್ದು ಅನ್ಕೋತೀರ, ಅವಳ ಕೈಲಿ ಹೊಸದಾಗಿ ಬರೆಸಿ. ಆ ಮೂರು ತಿಂಗಳ ಕೆಲಸ ಆಮೇಲೆ ಇಪ್ಪತ್ತು ಕೆಲಸಕ್ಕೆ ದಾರಿಯಾಯಿತು, ಸಂಜೆ ಕಾಲೇಜು, ಪದವಿ, ಈ ಕೋಣೆ, ಈ ಬೀಗದ ಕೈ, ಇವತ್ತು ಅವಳು ಏನಾಗಿದ್ದಾಳೋ ಅದೆಲ್ಲ ಆ ಕಿಂಡಿಯಿಂದ ಬಂದದ್ದು. ಎಡಗಡೆ ಕೊಳೆ ಹಾಳೆ, ಬಲಗಡೆ ಹೊಸ ಹಾಳೆ, ತೂಕ, ತಾರೀಖು, ಪುಡಿಯ ನಂಬರು, ತೂಗಿದವರ ನಂಬರು, ಎಲ್ಲ ಆಯಿತು, ಹೆಬ್ಬೆಟ್ಟನ್ನು ಹೇಗೆ ನಕಲು ಮಾಡುವುದು ಸಾರ್? ಒಂದು ಸೊನ್ನೆ ಸುತ್ತಿ ಒಳಗೆ ಹೆ. ಗು. ಅಂತ ಬರೀರಿ, ಹೆಬ್ಬೆಟ್ಟಿನ ಗುರುತು, ಕಾನೂನಿಗೆ ಅಷ್ಟು ಸಾಕು. ಕೈಯಲ್ಲಿ ಸುತ್ತಿದರೆ ಸೊನ್ನೆ ಸೊಟ್ಟಗಾಗುತ್ತಿತ್ತು, ಅವಳು ಕಂಪನಿಯದೇ ಕೆಮ್ಮಿನ ಸಿರಪ್ಪಿನ ಮುಚ್ಚಳ ಇಟ್ಟು ಸುತ್ತ ಗೆರೆ ಎಳೆದಳು, ಒಂದೊಂದೂ ದುಂಡಗೆ, ಒಂದರಂತೆ ಇನ್ನೊಂದು, ಇಸ್ತ್ರಿ ಮೂರು ಸಲ ವಾಹ್ ಅಂದರು.

ಫೋನು, ತಮ್ಮ, ಅಕ್ಕಾ ಸಿಕ್ತಾ? ಹುಡುಕ್ತಾ ಇದ್ದೀನಿ ಕಣೋ. ಎಷ್ಟೊತ್ತಾಗುತ್ತೆ? ಅಮ್ಮನಿಗೆ ಈಗ ಮೂಗಲ್ಲೂ ಬರ್ತಾ ಇದೆ ಅಕ್ಕಾ, ಡಾಕ್ಟ್ರು ಒಂದು ಸಲ ಬಂದು ನೋಡಿ ಗಡಿಯಾರ ನೋಡ್ಕೊಂಡು ಹೋದ್ರು. ಅಮ್ಮ ಏನಂತಾಳೆ? ಏನಂತಾಳೆ, ನಿಮ್ಮಕ್ಕ ಬಿಡು, ಕಾಗದದಲ್ಲಿದ್ರೆ ಪಾತಾಳದಿಂದ್ಲಾದ್ರೂ ತರ್ತಾಳೆ ಅಂತಾಳೆ. ಇಟ್ಟುಬಿಟ್ಟಳು. ಕಾಗದದಲ್ಲಿದ್ದರೆ. ಕೊಳೆ ಹಾಳೆಗಳನ್ನು ಗೋಣಿಚೀಲಕ್ಕೆ ತುಂಬಿ ಬಾಯ್ಲರ್ ಕೋಣೆಗೆ ಹೊತ್ತವಳೂ ಅವಳೇ, ಹನ್ನೆರಡು ಸಲ, ಬಾಯ್ಲರಿನವನು ಬಾಗಿಲು ತೆಗೆದು ಹಾಕಮ್ಮ ತಾಯೀ ಅಂತ ದೂರ ನಿಲ್ಲುತ್ತಿದ್ದ, ಹಾಳೆ ಬಿದ್ದ ಕಡೆ ಬೆಂಕಿ ಒಂದು ಕ್ಷಣ ಹಸಿರಾಗುತ್ತಿತ್ತು — ಹಸಿರು! ಹಸಿರಾಗುತ್ತಿತ್ತಲ್ಲ, ಬೆಂಕಿ ಹಸಿರಾದರೆ ಲೋಹ ಅಂತ ಎಲ್ಲೋ ಓದಿದ್ದಾಳೆ, ಹೇಳಲೇ, ಡಾಕ್ಟರಮ್ಮನಿಗೆ ಫೋನ್ ಮಾಡಿ ಹೇಳಲೇ, ಹಸಿರು ಬೆಂಕಿ ಡಾಕ್ಟ್ರೇ, ಆದರೆ ನಿಜವಾಗಿ ಹಸಿರಿತ್ತೆ, ಅಥವಾ ಹಸಿರು ಇರಲಿ ಅಂತ ಈಗ ಬೇಕಾಗಿ ನೆನಪೇ ಹಸಿರು ಬಳಿದುಕೊಂಡಿತೆ, ಬಾಯ್ಲರಿನ ಬಾಗಿಲಿಗೇ ಹಸಿರು ಬಣ್ಣ ಇತ್ತು, ಹೌದು, ಬಾಗಿಲಿಗೇ ಇತ್ತು, ಇಂಥ ನೆನಪಿನ ಮೇಲೆ ಅಮ್ಮನ ರಕ್ತನಾಳಕ್ಕೆ ಮದ್ದು ಬಿಡಿ ಅನ್ನಲಾದೀತೆ, ಊಹೆ ಬೇಡ ಅಂತ ತಾನೆ ಡಾಕ್ಟರಮ್ಮ ಕಾಯುತ್ತಿರುವುದು. ಪುಸ್ತಕದಲ್ಲಿ ಏನು ಬರೆದಳು, ನಾಲ್ಕನೆಯ ಅಧ್ಯಾಯ, ಶುಚಿತ್ವವೇ ನಮ್ಮ ಪರಂಪರೆ, ಕೊನೆಯ ಸಾಲು, ನಮ್ಮ ದಾಖಲೆಗಳಲ್ಲಿ ಇವತ್ತಿಗೂ ಒಂದೇ ಒಂದು ಕಲೆಯಿಲ್ಲ, ಆ ಸಾಲನ್ನು ನಾಲ್ಕು ಸಲ ತಿದ್ದಿದ್ದಳು, ಒಂದೇ ಕಲೆಯಿಲ್ಲ ಅನ್ನುವುದಕ್ಕಿಂತ ಒಂದೇ ಒಂದು ಅಂದರೆ ಒತ್ತು ಬರುತ್ತದೆ ಅಂತ. ಇನ್ನೊಂದು ಕಟ್ಟು. ಸೊನ್ನೆ. ಇನ್ನೊಂದು. ಸೊನ್ನೆ, ಸೊನ್ನೆ, ಸಿರಪ್ಪಿನ ಮುಚ್ಚಳ, ಸಿರಪ್ಪಿನ ಮುಚ್ಚಳ, ಏಪ್ರಿಲ್ ಆಯಿತು, ಜೂನ್ ಆಯಿತು, ನಾಲ್ಕಕ್ಕೆ ಹತ್ತು ನಿಮಿಷ, ಕಡೆಯ ಪೆಟ್ಟಿಗೆಯ ಕಡೆಯ ಕಟ್ಟಿನಲ್ಲಿ ಕಡೆಯ ಹಾಳೆಯ ಜಾಗದಲ್ಲಿ ಒಂದು ಗುಲಾಬಿ ಚೀಟಿ, ಮತ್ತೆ ಅವಳದೇ ಅಕ್ಷರ, ಮೂಲವನ್ನು ಪ್ರದರ್ಶನಕ್ಕೆ ತೆಗೆಯಲಾಗಿದೆ.

ಮೂಲ. ಮೂಲ ಅಂತ ಬರೆದಿದ್ದಾಳೆ. ಎರಡು ತಿಂಗಳ ಹಿಂದೆ, ಶತಮಾನದ ಪ್ರದರ್ಶನಕ್ಕೆ ಚೌಕಟ್ಟು ಹಾಕಿಸಲು ಒಂದು ಹಳೇ ತೂಕದ ಹಾಳೆ ಬೇಕು ಅಂದಿದ್ದರು, ಅವಳೇ ಆರಿಸಿದ್ದು, ಆರಿಸುವಾಗ ಮೂಲೆಯಲ್ಲಿ ಹಳದಿ ಕಂಡಿತ್ತು, ಕಂಡಿತ್ತು, ಇದು ಬಾಗಿಲಿನ ಬಣ್ಣದ ಹಾಗಲ್ಲ, ಇದು ಎರಡು ತಿಂಗಳ ಹಿಂದಿನದು, ಕೆಳಗೆ, ಬಲಗಡೆ, ಒಂದು ಹಳದಿ, ಆಗ ಅವಳು ಅಯ್ಯೋ ಕಲೆಯಾಗಿದೆಯಲ್ಲ ಅಂದುಕೊಂಡು ಚೌಕಟ್ಟಿನವನಿಗೆ ಇದು ಕಾಣದ ಹಾಗೆ ಪಟ್ಟಿ ಕೂರಿಸಪ್ಪ ಅಂದಿದ್ದಳು. ಎದ್ದಳು, ತೊಡೆಯ ಮೇಲಿದ್ದ ಕಟ್ಟು ಜಾರಿ ಹಾಳೆಗಳೆಲ್ಲ ನೆಲದ ಮೇಲೆ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಬಿದ್ದದ್ದನ್ನು ಎತ್ತಿಕೊಳ್ಳದೆ ಓಡಿದಳು, ಬೀಗ ಹಾಕಲಿಲ್ಲ, ಮೆಟ್ಟಿಲು, ಎರಡು ಮಹಡಿ, ಚಪ್ಪಲಿಯ ಬಾರು ಕಿತ್ತಿತು, ಬರಿಗಾಲು, ಯಾರೋ ಮೇಡಮ್ ಏನಾಯ್ತು ಅಂದರು, ಆ ಕೊನೆಯ ಹಾಳೆ, ಹೌದು, ಅದರ ಕಥೆ ಬೇರೆಯೇ, ನಕಲು ಮುಗಿದ ಆ ಕೊನೆಯ ದಿನ ಅವಳು ಅದನ್ನು ಚೀಲಕ್ಕೆ ಹಾಕಿರಲಿಲ್ಲ, ಅಮ್ಮನ ಹೆಬ್ಬೆಟ್ಟು ಅಷ್ಟು ಸ್ಪಷ್ಟವಾಗಿ ಬಿದ್ದಿತ್ತು ಅದರಲ್ಲಿ, ಪ್ರತಿ ಗೆರೆ, ನಡುವಿನ ಆ ಓರೆ ಬಿಳುಪು, ಸುಡಲು ಮನಸ್ಸಾಗದೆ ಎದೆಗಿಟ್ಟುಕೊಂಡು ನಿಂತಿದ್ದಳು, ಬೆಂಕಿಗೆ ಕೊಡದೆ ಉಳಿಸಿಕೊಂಡಿದ್ದರೆ, ನಕಲಿನ ಬದಲು ಅದನ್ನೇ ಕಟ್ಟಿಗೆ ಸೇರಿಸಿದ್ದರೆ, ಸೇರಿಸಿರಬೇಕು, ಅದಕ್ಕೇ ಮೂಲ ಅಂತ ಬರೆದದ್ದು, ಸ್ವಾಗತದ ಮೇಜು, ಹೂದಾನಿ, ಗೋಡೆ, ಚೌಕಟ್ಟು.

ಗಾಜಿನೊಳಗೆ ಹಾಳೆ, ಮೇಲೆ ತಾಮ್ರದ ತಗಡಿನಲ್ಲಿ ನಮ್ಮ ಹೆಮ್ಮೆಯ ದಾಖಲೆಗಳು. ಚೌಕಟ್ಟನ್ನು ಗೋಡೆಯಿಂದ ಕಿತ್ತು ನೆಲಕ್ಕೆ ಕೂತಳು, ಸ್ವಾಗತದ ಹುಡುಗಿ ಎದ್ದು ನಿಂತು ಮೇಡಮ್ ಮೇಡಮ್ ಅನ್ನುತ್ತಿದ್ದಾಳೆ, ಹಿಂದಿನ ಮೊಳೆಗಳನ್ನು ಮುರಿದ ಉಗುರಿನಲ್ಲೇ ಎಬ್ಬಿಸಿ, ಹಲಗೆ ತೆಗೆದು, ಪಟ್ಟಿ ಸರಿಸಿ, ಹಳದಿ, ಇದೆ, ಇದೆ, ಮೂಲೆಯಲ್ಲಿ ಇದೆ, ಬೆರಳಿಟ್ಟರೆ ಅಂಟುತ್ತದೆ, ಟೇಪು. ಹರಿದ ಮೂಲೆಗೆ ಯಾವಾಗಲೋ ಅಂಟಿಸಿದ ಟೇಪು, ಹಳೆಯದಾಗಿ ಹಳದಿಯಾಗಿದೆ. ಅದರ ಪಕ್ಕದಲ್ಲಿ ದುಂಡು ಅಕ್ಷರ, ತೂಗಿದವರು ಅನ್ನುವ ಕಡೆ ನಲವತ್ತೊಂದು ಅಂತಿಲ್ಲ, ಅಮ್ಮನ ಹೆಸರಿದೆ, ಪೂರ್ತಿ ಹೆಸರು, ಸಾವಿರದ ನಾನೂರ ಆರರಲ್ಲಿ ಈ ಒಂದರಲ್ಲಿ ಮಾತ್ರ ನಿಯಮ ಮೀರಿ ಬರೆದದ್ದು, ಬರೆದು ಅಮ್ಮನಿಗೆ ತೋರಿಸಿದ್ದು, ಈಗ ಬರುತ್ತದೆ ನೆನಪು, ತಡೆದರೂ ನಿಲ್ಲುವುದಿಲ್ಲ, ತೂಕದ ಕೋಣೆಯ ಹೊರಗೆ, ಊಟದ ಬಿಡುವು, ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೊಸ ಹಾಳೆಯನ್ನು ಅಂಚಿನಲ್ಲಿ ಹಿಡಿದು ಕೊಳೆಯಾದೀತು ಅಂತ ದೂರ ಚಾಚಿ ಓದಿದಳು, ತನ್ನ ಹೆಸರನ್ನು ಎರಡು ಸಲ ಓದಿದಳು, ಆಮೇಲೆ ಮಗಳ ಎದೆಗಂಟಿದ ಹಳೇ ಹಾಳೆಯನ್ನು ನೋಡಿ, ಅದ್ಯಾಕೆ ಇಟ್ಕೊಂಡಿದೀಯೇ? ಸುಮ್ನೆ ಅಮ್ಮಾ, ನಿನ್ನ ಹೆಬ್ಬೆಟ್ಟು. ಥೂ, ನನ್ನ ಮಗಳ ಅಕ್ಷರದಲ್ಲಿ ನನ್ನ ಹೆಸರು ಬಂದ ಮೇಲೆ ಆ ದರಿದ್ರ ಹೆಬ್ಬೆಟ್ಟು ಯಾಕೆ, ಹಾಕು ಒಲೆಗೆ, ನನ್ನ ಮುಂದೇನೇ ಹಾಕು. ಜೊತೆಗೆ ಬಂದಳು ಅಮ್ಮ, ಬಾಯ್ಲರಿನ ಹಸಿರು ಬಾಗಿಲ ತನಕ, ಅವಳು ಹಾಕಿದಳು, ಅಮ್ಮ ನೋಡಿದಳು, ನಕ್ಕಳು, ಅವಳ ಕೈ ಹಿಡಿದು ತಿರುಗಿಸಿ, ನೋಡು ಈಗ ನಿನ್ನ ಕೈಯೂ ನನ್ನ ಕೈಯಾಯ್ತು, ಹೋಗಿ ಚೆನ್ನಾಗಿ ತೊಳ್ಕೋ. ತೊಳೆದುಕೊಂಡಳು. ಮೂರು ಸಲ, ಸೋಪು ಹಾಕಿ. ಫೋನು ಬಡಿದುಕೊಳ್ಳುತ್ತಿದೆ, ಡಾಕ್ಟರಮ್ಮನದು, ಹೆಸರು ಮಿನುಗುತ್ತಿದೆ, ಎತ್ತಬೇಕು, ಎತ್ತಿ ಏನನ್ನು, ಹಾಳೆ ಮಂಡಿಯ ಮೇಲಿದೆ, ಕೆಳಗೆ, ಬಲಗಡೆ, ಅಮ್ಮನ ಹೆಸರಿನ ಮುಂದೆ, ಸಿರಪ್ಪಿನ ಮುಚ್ಚಳದಷ್ಟು ದೊಡ್ಡದು, ಎಲ್ಲೂ ಸೊಟ್ಟಗಾಗದ ಗೆರೆ, ಓರೆ ಗುರುತು ಇರಬೇಕಾದ ಕಡೆ ಎರಡು ಅಕ್ಷರ, ಮಿಕ್ಕದ್ದು ಬಿಳುಪು, ಬೆರಳಿಂದ ಉಜ್ಜಿದಳು, ಬೆರಳಿಗೆ ಏನೂ ಬರಲಿಲ್ಲ, ಇನ್ನೊಮ್ಮೆ ಉಜ್ಜಿದಳು, ದುಂಡಗೆ, ಬಿಳಿ, ಸೊನ್ನೆ —